ಹುಟ್ಟು ಹಾಕುವವರಿಗೆ ಯಾವ ಫಿಟ್‌ನೆಸ್ ಟ್ರ್ಯಾಕರ್ ಸರಿ?

ಹೊಸಹುಟ್ಟು

ಎಲ್ಲರಿಗೂ ನಮಸ್ಕಾರ. ಕಯಾಕ್, ಅಂದರೆ ಎರಡೂ ಬದಿಗೆ ಹುಟ್ಟು ಹಾಕುವ ಸಣ್ಣ ದೋಣಿ, ಹಿಡಿದು ಎಂಟು ತಿಂಗಳಾಯಿತು. ವಾರಕ್ಕೆ ಮೂರು ದಿನ ನೀರಿಗಿಳಿಯುತ್ತೇನೆ. ಒಂದು ಸಲಕ್ಕೆ ಒಂದರಿಂದ ಒಂದೂವರೆ ಗಂಟೆ.

ನಡಿಗೆಗೆ ಅಂತ ಮೊದಲೇ ಕೊಂಡಿದ್ದ ಸಣ್ಣ ಬ್ಯಾಂಡ್ ಒಂದಿದೆ. ನೆಲದ ಮೇಲೆ ಅದರ ಬಗ್ಗೆ ನನಗೆ ದೂರಿಲ್ಲ. ನೀರಿನ ಮೇಲೆ ಮಾತ್ರ ಅದು ಹೇಳುವುದಕ್ಕೂ ನನ್ನ ಮೈ ಹೇಳುವುದಕ್ಕೂ ತಾಳೆಯೇ ಆಗುವುದಿಲ್ಲ. ಮೊನ್ನೆ ಎದುರುಗಾಳಿಗೆ ಇಪ್ಪತ್ತು ನಿಮಿಷ ಜೋರಾಗಿ ಹುಟ್ಟು ಹಾಕಿದೆ. ಮಾತಾಡಲು ಆಗದಷ್ಟು ಏದುಸಿರು. ಬ್ಯಾಂಡ್ ನೋಡಿದರೆ ಎದೆಬಡಿತ 84. ದಡಕ್ಕೆ ಬಂದು ಕೂತು ಉಸಿರು ತಹಬಂದಿಗೆ ಬಂದ ಮೇಲೆ 131 ಅಂತ ತೋರಿಸಿತು. ದೂರವೂ ಅಷ್ಟೇ, ಫೋನ್ ಜೊತೆಗಿದ್ದರೆ ಮಾತ್ರ ಬರುತ್ತದೆ.

ಹೊಸದು ಕೊಳ್ಳಬೇಕು ಅಂತಿದ್ದೇನೆ. 10 ಕಿ.ಮೀ. ನಿಲ್ಲದೆ ಹೋಗುವ ಗುರಿ ಇಟ್ಟುಕೊಂಡಿದ್ದೇನೆ, ಅದಕ್ಕೆ ತಯಾರಿ ಸರಿಯಾಗಿ ನಡೆಯುತ್ತಿದೆಯಾ ಅಂತ ತಿಳಿಯಬೇಕು. ಯಾವ ಮಾದರಿಯ ವಿವರ ಓದಿದರೂ ಓಟ, ಈಜು, ಸೈಕಲ್ ಇಷ್ಟೇ. ಹುಟ್ಟು ಹಾಕುವವರು ಏನನ್ನು ನೋಡಿ ಕೊಳ್ಳಬೇಕು? ನೀವೆಲ್ಲ ಏನು ಬಳಸುತ್ತೀರಿ?

ಕೆರೆದಂಡೆ

ನಿಮ್ಮ ಬ್ಯಾಂಡ್ ಕೆಟ್ಟಿಲ್ಲ. ಅದನ್ನು ಕಟ್ಟಿಕೊಂಡಿರುವ ಜಾಗ ಹುಟ್ಟು ಹಾಕುವ ಕೆಲಸಕ್ಕೆ ಹೊಂದುವುದಿಲ್ಲ. ನಾನು ಎರಡು ವಾಚ್ ಬದಲಿಸಿದ ಮೇಲೆ ಇದು ಅರ್ಥವಾಯಿತು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮಣಿಕಟ್ಟಿನ ಟ್ರ್ಯಾಕರ್‌ಗಳ ಅಡಿಯಲ್ಲಿ ಹಸಿರು ದೀಪ ಮಿನುಗುವುದನ್ನು ನೋಡಿರುತ್ತೀರಿ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ಸಣ್ಣ ನಾಳಗಳಲ್ಲಿ ರಕ್ತ ಹೆಚ್ಚಾಗಿ ಮತ್ತೆ ಕಡಿಮೆಯಾಗುತ್ತದೆ. ವಾಪಸ್ ಬರುವ ಬೆಳಕು ಎಷ್ಟು ಏರಿಳಿಯಿತು ಅಂತ ನೋಡಿ ಟ್ರ್ಯಾಕರ್ ಬಡಿತ ಎಣಿಸುತ್ತದೆ. ಆ ಏರಿಳಿತ ತುಂಬಾ ಸಣ್ಣದು. ಟ್ರ್ಯಾಕರ್ ಚರ್ಮದ ಮೇಲೆ ಕೂದಲೆಳೆಯಷ್ಟು ಜಾರಿದರೂ ಲೆಕ್ಕ ತಪ್ಪುತ್ತದೆ.

ಈಗ ಹುಟ್ಟು ಹಿಡಿದ ಕೈಯನ್ನು ನೆನೆಸಿಕೊಳ್ಳಿ. ಬೆರಳು ಬಿಗಿಯಾಗುತ್ತವೆ, ಮುಂಗೈ ಸ್ನಾಯು ಉಬ್ಬುತ್ತದೆ, ಸ್ನಾಯುಹುರಿಗಳು ಎದ್ದು ನಿಲ್ಲುತ್ತವೆ, ಪ್ರತಿ ಎಳೆತಕ್ಕೂ ಮಣಿಕಟ್ಟು ಒಂಚೂರು ಬಾಗುತ್ತದೆ. ಪಟ್ಟಿ ಒಮ್ಮೆ ಬಿಗಿ, ಒಮ್ಮೆ ಸಡಿಲ. ಮೇಲಿಂದ ತಣ್ಣೀರು ಬಿದ್ದರೆ ಚರ್ಮದ ನಾಳಗಳು ಕುಗ್ಗುತ್ತವೆ, ಓದಲು ರಕ್ತವೇ ಕಡಿಮೆಯಾಗುತ್ತದೆ. ಓಡುವಾಗ ಇಷ್ಟೆಲ್ಲಾ ತೊಂದರೆ ಇರುವುದಿಲ್ಲ, ಅಲ್ವಾ?

ಇನ್ನೊಂದು ಮೋಸವೂ ಇದೆ. ಕೈಯ ಲಯವನ್ನೇ ಟ್ರ್ಯಾಕರ್ ಎದೆಬಡಿತ ಅಂತ ತಿಳಿದುಕೊಳ್ಳುತ್ತದೆ. ನಿಮಿಷಕ್ಕೆ 80ರ ಆಸುಪಾಸು ಹುಟ್ಟು ಹಾಕುತ್ತಿದ್ದೀರಾ? ಹಾಗಿದ್ದರೆ ನಿಮ್ಮ 84 ಅಲ್ಲಿಂದಲೇ ಬಂದಿರಬಹುದು.

ಹೊಸಹುಟ್ಟು

ಇದು ಹೊಳೆದೇ ಇರಲಿಲ್ಲ. ಎರಡೂ ಬದಿ ಸೇರಿ ಎಷ್ಟು ಅಂತ ನಾಳೆಯೇ ಎಣಿಸಿ ನೋಡುತ್ತೇನೆ. ಹಾಗಾದರೆ ಜಾಸ್ತಿ ದುಬಾರಿಯ ವಾಚ್ ಕೊಂಡರೂ ಇದೇ ಕಥೆಯಾ?

ಕೆರೆದಂಡೆ

ಒಳ್ಳೆಯ ವಾಚ್‌ಗಳಲ್ಲಿ ತಪ್ಪು ಕಡಿಮೆ, ಆದರೆ ಕಾರಣ ಅದೇ ಇರುತ್ತದೆ. ದುಡ್ಡು ಜಾಸ್ತಿ ಕೊಟ್ಟರೆ ಮಣಿಕಟ್ಟಿನ ಸ್ನಾಯುಹುರಿ ಅಲುಗಾಡುವುದು ನಿಲ್ಲುವುದಿಲ್ಲವಲ್ಲ. ಎದೆಬಡಿತ ಸರಿಯಾಗಿ ಬೇಕು ಅಂದರೆ ಅಳೆಯುವುದನ್ನು ಮಣಿಕಟ್ಟಿನಿಂದ ಬೇರೆ ಕಡೆಗೆ ಸರಿಸಿ. ಎದೆಪಟ್ಟಿ ಇಲ್ಲವೇ ತೋಳುಪಟ್ಟಿ. ಈ ಒಂದು ತೀರ್ಮಾನ ಮೊದಲು ಮಾಡಿಬಿಡಿ. ಆಮೇಲೆ ವಾಚ್ ಆರಿಸುವುದು ಬಹಳ ಸುಲಭ.

ಕಡಲಹಾದಿ

ಎದೆಪಟ್ಟಿಯೇ ನನ್ನ ಆಯ್ಕೆ. ಅದು ಬೆಳಕನ್ನು ನಂಬುವುದಿಲ್ಲ, ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ತೀವ್ರತೆ ದಿಢೀರ್ ಏರಿದರೂ ಹಿಂದೆ ಬೀಳುವುದಿಲ್ಲ. ಪೋಲಾರ್ ಎಚ್10 ಬಳಸುತ್ತಿದ್ದೇನೆ. ಕಟ್ಟಿಕೊಳ್ಳುವ ಮೊದಲು ಒಳಗಿನ ಪಟ್ಟಿಯನ್ನು ನೀರಿನಲ್ಲಿ ಒದ್ದೆ ಮಾಡಬೇಕು. ಒಣಗಿದ್ದರೆ ಮೊದಲ ಹತ್ತು ನಿಮಿಷ ಏನೇನೋ ಸಂಖ್ಯೆ ಬರುತ್ತದೆ.

ನಿಂತಹಲಗೆ

ನಾನು ಸ್ಟ್ಯಾಂಡ್ ಅಪ್ ಪ್ಯಾಡಲ್, ಅಂದರೆ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವುದನ್ನು, ಮಾಡುವವಳು. ಲೈಫ್ ಜಾಕೆಟ್ ಕೆಳಗೆ ಎದೆಪಟ್ಟಿ ಕಟ್ಟಿ ಒಂದು ತಿಂಗಳು ಒದ್ದಾಡಿದೆ. ಜಾಕೆಟ್ ಉಜ್ಜಿ ಪಟ್ಟಿ ಕೆಳಗೆ ಜಾರುತ್ತಿತ್ತು. ಹೊಟ್ಟೆಯ ಮೇಲೆ ಬಂದು ನಿಂತ ಪಟ್ಟಿಯನ್ನು ಹಲಗೆಯ ಮೇಲೆ ನಿಂತುಕೊಂಡು ಸರಿ ಮಾಡುವುದು ಹೇಗೆ ಹೇಳಿ? ಜಾಕೆಟ್ ಬಿಚ್ಚಲಂತೂ ಆಗುವುದಿಲ್ಲ.

ಆಮೇಲೆ ತೋಳುಪಟ್ಟಿಗೆ ಬಂದೆ, ಪೋಲಾರ್ ವೆರಿಟಿ ಸೆನ್ಸ್. ಇದೂ ಬೆಳಕಿನಿಂದಲೇ ಅಳೆಯುತ್ತದೆ, ಆದರೆ ಮೇಲ್ತೋಳಿನಲ್ಲಿ ಮಾಂಸ ಜಾಸ್ತಿ, ಮೂಳೆ ಮತ್ತು ಸ್ನಾಯುಹುರಿಯ ಕಾಟ ಕಡಿಮೆ. ಬೆರಳು ಬಿಗಿ ಹಿಡಿದರೂ ಅಲ್ಲಿ ಅಷ್ಟಾಗಿ ಏನೂ ಬದಲಾಗುವುದಿಲ್ಲ. ಅದರೊಳಗೇ ನೆನಪಿನ ಜಾಗ ಇದೆ. ವಾಚ್ ಇಲ್ಲದೆ ಬರೀ ಅದನ್ನೇ ಕಟ್ಟಿಕೊಂಡು ಹೋಗಿ, ಮನೆಗೆ ಬಂದು ಫೋನ್‌ಗೆ ಇಳಿಸಿಕೊಳ್ಳಬಹುದು.

ಕಡಲಹಾದಿ

ಜಾಕೆಟ್ ವಿಷಯ ಒಪ್ಪಿದೆ. ನನ್ನ ಜಾಕೆಟ್‌ನ ಹೊಟ್ಟೆ ಭಾಗ ಗಿಡ್ಡ, ಅದಕ್ಕೇ ತೊಂದರೆ ಆಗಿಲ್ಲ ಅನ್ನಿಸುತ್ತದೆ. ಆದರೆ ಚುಟುಕು ಸ್ಪ್ರಿಂಟ್‌ಗಳಲ್ಲಿ ಬೆಳಕಿನ ಸೆನ್ಸರ್ ಕೆಲವು ಸೆಕೆಂಡು ತಡವಾಗಿ ಏರುತ್ತದೆ. 30 ಸೆಕೆಂಡಿನ ಇಂಟರ್ವಲ್ ಮಾಡುವವರಿಗೆ ಎದೆಪಟ್ಟಿ. 10 ಕಿ.ಮೀ. ಒಂದೇ ಸಮನೆ ಹೋಗುವವರಿಗೆ ತೋಳುಪಟ್ಟಿ ಧಾರಾಳ ಸಾಕು.

ಎಲ್ಲರೂ ನೆನಪಿಡಬೇಕಾದದ್ದು ಒಂದಿದೆ. ಪಟ್ಟಿಯಿಂದ ವಾಚ್‌ಗೆ ಸಂಖ್ಯೆ ಕಳಿಸುವ ಬ್ಲೂಟೂತ್ ಆಗಲಿ ಆಂಟ್ ಪ್ಲಸ್ ಆಗಲಿ 2.4 ಗಿಗಾಹರ್ಟ್ಜ್ ಅಲೆ. ನೀರು ಅದನ್ನು ನುಂಗಿಬಿಡುತ್ತದೆ. ದೋಣಿ ಮಗುಚಿದಾಗ ಪಟ್ಟಿ ಮತ್ತು ವಾಚ್ ನಡುವಿನ ಸಂಪರ್ಕ ಕಡಿದುಹೋದರೆ ಗಾಬರಿ ಬೇಡ. ಮೇಲೆ ಬಂದ ಮೇಲೆ ಮತ್ತೆ ಸೇರಿಕೊಳ್ಳುತ್ತದೆ.

ಸರ್ಕ್ಯೂಟ್

ಈಗ ದೂರದ ವಿಷಯ. ಕೊಳ್ಳುವಾಗ "ಜಿಪಿಎಸ್ ಇದೆ" ಅನ್ನುವ ಮಾತನ್ನು ಹಾಗೇ ನಂಬಬೇಡಿ. ಎರಡು ಬಗೆ ಇವೆ. ಒಂದರಲ್ಲಿ ಜಿಪಿಎಸ್ ಟ್ರ್ಯಾಕರ್ ಒಳಗೇ ಇರುತ್ತದೆ. ಇನ್ನೊಂದು ಫೋನಿನ ಜಿಪಿಎಸ್ ಅನ್ನು ಎರವಲು ಪಡೆಯುತ್ತದೆ. ಸಣ್ಣ ಬ್ಯಾಂಡ್‌ಗಳಲ್ಲಿ ಹಲವು ಈ ಎರಡನೇ ಜಾತಿಯವು. ಒಂದೇ ಕಂಪನಿಯ ಒಂದೇ ಸಾಲಿನಲ್ಲೂ ಇದು ಬದಲಾಗುತ್ತದೆ. ಫಿಟ್‌ಬಿಟ್ ಚಾರ್ಜ್ 3ರಲ್ಲಿ ಒಳಗಿನ ಜಿಪಿಎಸ್ ಇರಲಿಲ್ಲ, 2020ರಲ್ಲಿ ಬಂದ ಚಾರ್ಜ್ 4ರಲ್ಲಿ ಇತ್ತು. ಹೆಸರು ನೋಡಿ ಕೊಳ್ಳಬೇಡಿ, ಆ ಮಾದರಿಯ ವಿವರವನ್ನೇ ಓದಿ.

ಎರವಲು ಜಿಪಿಎಸ್ ಅಂದರೆ ಫೋನನ್ನು ನೀರಿಗೆ ಒಯ್ಯಲೇಬೇಕು. ಅದು ದೋಣಿಯ ಒಳಗಿನ ಚೀಲದಲ್ಲಿದ್ದರೆ, ದೋಣಿ ಕಾರ್ಬನ್ ಫೈಬರ್‌ನದಾದರೆ, ಉಪಗ್ರಹದ ಸಂಕೇತ ಒಳಗೆ ಬರುವುದೇ ಕಷ್ಟ. ಕಾರ್ಬನ್ ವಿದ್ಯುತ್ ಹರಿಸುವ ವಸ್ತು, ರೇಡಿಯೋ ಅಲೆಯನ್ನು ತಡೆಯುತ್ತದೆ. ಪ್ಲಾಸ್ಟಿಕ್ ದೋಣಿಯಲ್ಲಿ ಈ ತೊಂದರೆ ಇಲ್ಲ.

ತೆರೆದ ನೀರಿನ ಮೇಲೆ ಆಕಾಶ ಪೂರ್ತಿ ಕಾಣುತ್ತದೆ, ಹಾಗಾಗಿ ಒಳಗಿನ ಜಿಪಿಎಸ್ ಇರುವ ಸಾಧಾರಣ ವಾಚೂ ಚೆನ್ನಾಗಿ ಅಳೆಯುತ್ತದೆ. ಎರಡು ಆವರ್ತನ, ಅಂದರೆ ಎಲ್1 ಮತ್ತು ಎಲ್5 ಎರಡನ್ನೂ ಹಿಡಿಯುವ ವಾಚ್‌ಗಳ ಬಗ್ಗೆ ಜೋರು ಪ್ರಚಾರ ಇದೆ. ಬಂಡೆ, ಕಟ್ಟಡಗಳಿಗೆ ತಾಗಿ ಪ್ರತಿಫಲಿಸಿ ಬರುವ ಸಂಕೇತದಿಂದ ಆಗುವ ತಪ್ಪನ್ನು ಅದು ಕಡಿಮೆ ಮಾಡುತ್ತದೆ, ನಿಜ. ಕಡಿದಾದ ಕಣಿವೆಯ ನದಿಯಲ್ಲಿ ಹೋಗುವವರಿಗೆ ಬೇಕು. ಬಯಲು ಕೆರೆಯಲ್ಲಿ ಅದಕ್ಕೆ ಅಂತ ದುಡ್ಡು ಹಾಕಬೇಡಿ.

ಇಪ್ಪತ್ತುಹುಟ್ಟು

ನಾನು ಡ್ರ್ಯಾಗನ್ ಬೋಟ್ (ಹಲವರು ಸೇರಿ ಹುಟ್ಟು ಹಾಕುವ ಉದ್ದ ದೋಣಿ) ತಂಡದವನು. ಸರ್ಕ್ಯೂಟ್ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಮಣಿಕಟ್ಟಿನ ವಾಚ್ ತೋರಿಸುವ ಆ ಕ್ಷಣದ ವೇಗ ಯಾವಾಗಲೂ ಕುಣಿಯುತ್ತಿರುತ್ತದೆ. ದೋಣಿ ಒಂದೇ ಸಮ ಹೋಗುತ್ತಿದ್ದರೂ ಕೈ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ. ಜಿಪಿಎಸ್ ಅಳೆಯುವುದು ಕೈಯನ್ನು ತಾನೇ? ಪರದೆಯ ಮೇಲೆ ಆ ಕ್ಷಣದ ವೇಗ ಇಟ್ಟುಕೊಳ್ಳಬೇಡಿ. 500 ಮೀಟರಿಗೆ ಒಂದು ಲ್ಯಾಪ್ ಇಟ್ಟು, ಲ್ಯಾಪ್‌ನ ಸರಾಸರಿ ನೋಡಿ.

ಇಲ್ಲವಾದರೆ ವಾಚನ್ನು ದೋಣಿಯ ಮುಂಭಾಗಕ್ಕೆ ಕಟ್ಟಿಬಿಡಿ. ಕಣ್ಣೆದುರೇ ಇರುತ್ತದೆ, ವೇಗವೂ ಸಮನಾಗಿ ಬರುತ್ತದೆ. ಎದೆಬಡಿತಕ್ಕೆ ತೋಳುಪಟ್ಟಿ ಇದ್ದೇ ಇದೆ. ವಾಚ್ ಕೈಯಲ್ಲಿ ಇಲ್ಲದ ಮೇಲೆ ಹುಟ್ಟಿನ ಎಣಿಕೆ ಮಾತ್ರ ಹೋಗುತ್ತದೆ, ಅಥವಾ ನಂಬಲು ಆಗುವುದಿಲ್ಲ.

ಹೊಸಹುಟ್ಟು

ಎಣಿಸಿದೆ. ಎರಡೂ ಬದಿ ಸೇರಿ ನಿಮಿಷಕ್ಕೆ 78ರಿಂದ 82. ಕೆರೆದಂಡೆ ಅವರು ಹೇಳಿದ್ದು ಸರಿ ಇರುವ ಹಾಗಿದೆ. ಎಂಟು ತಿಂಗಳು ನನ್ನ ಹುಟ್ಟಿನ ಲಯವನ್ನೇ ಎದೆಬಡಿತ ಅಂತ ಬರೆದಿಟ್ಟುಕೊಂಡಿದ್ದೆ. ಬೇಸರ ಆಯಿತು, ಆದರೆ ಕಾರಣ ತಿಳಿದಿದ್ದಕ್ಕೆ ಸಮಾಧಾನವೂ ಇದೆ.

ಹುಟ್ಟಿನ ಎಣಿಕೆ ನಿಜವಾಗಿ ಬೇಕಾ?

ಇಪ್ಪತ್ತುಹುಟ್ಟು

ಬೇಕು! ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಸಂಖ್ಯೆ ಅದೇ. ಅದೇ ವೇಗವನ್ನು ಕಡಿಮೆ ಹುಟ್ಟಿನಲ್ಲಿ ಹೋಗುತ್ತಿದ್ದೀರಿ ಅಂದರೆ ಪ್ರತಿ ಎಳೆತಕ್ಕೆ ದೋಣಿ ಜಾಸ್ತಿ ದೂರ ಸಾಗುತ್ತಿದೆ ಅಂತ ಅರ್ಥ. ದಣಿವಾದಾಗ ಇದು ತಲೆಕೆಳಗಾಗುತ್ತದೆ. ಹುಟ್ಟು ಬೇಗ ಬೇಗ ಬೀಳುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ನಿಮ್ಮ 10 ಕಿ.ಮೀ. ಗುರಿಗೆ ಏಳನೇ ಕಿಲೋಮೀಟರಿನಲ್ಲಿ ಏನಾಗುತ್ತಿದೆ ಅಂತ ಇದು ಸ್ಪಷ್ಟವಾಗಿ ತೋರಿಸುತ್ತದೆ.

ಎಣಿಸುವ ರೀತಿ ಮಾತ್ರ ಗೊತ್ತಿರಲಿ. ಕಯಾಕ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ಹಾಕಿದರೆ ವಾಚ್ ಕಟ್ಟಿದ ಕೈ ಒಂದು ಸುತ್ತು ಮುಗಿಸುತ್ತದೆ. ಕೆಲವು ವಾಚ್ ಅದನ್ನು ಒಂದು ಅನ್ನುತ್ತವೆ, ಕೆಲವು ಎರಡು ಅನ್ನುತ್ತವೆ. ಗೆಳೆಯನ ವಾಚ್ 40 ಅಂದು ನಿಮ್ಮದು 80 ಅಂದರೆ ಇಬ್ಬರೂ ಒಂದೇ ಲಯದಲ್ಲಿರಬಹುದು. ಒಂದು ನಿಮಿಷ ನೀವೇ ಎಣಿಸಿ ತಾಳೆ ನೋಡಿ.

ನಿಂತಹಲಗೆ

ಹಲಗೆಯವರಿಗೆ ಮತ್ತು ಒಂದೇ ಬದಿಗೆ ಹುಟ್ಟು ಹಾಕುವ ಕ್ಯಾನೋದವರಿಗೆ ಒಂದು ಮಾತು. ಬದಿ ಬದಲಿಸಿದಾಗ ವಾಚ್ ಇರುವ ಕೈ ಮೇಲಿನ ಕೈ ಆಗುತ್ತದೆ. ಮೇಲಿನ ಕೈ ಚಲಿಸುವ ರೀತಿಯೇ ಬೇರೆ. ಕೆಲವು ವಾಚ್ ಅಲ್ಲಿ ಎಣಿಕೆ ತಪ್ಪುತ್ತವೆ. ಕೊಳ್ಳುವ ಮೊದಲು ಯಾರದಾದರೂ ವಾಚ್ ಕಟ್ಟಿಕೊಂಡು ಎರಡೂ ಬದಿಗೆ ಐವತ್ತೈವತ್ತು ಹುಟ್ಟು ಹಾಕಿ ನೋಡಿ.

ಮೆನುವಿನಲ್ಲಿ ನಿಮ್ಮ ಆಟದ ಹೆಸರು ಇದೆಯಾ ಅಂತಲೂ ನೋಡಿ. ಗಾರ್ಮಿನ್‌ನ ಹಲವು ವಾಚ್‌ಗಳಲ್ಲಿ ಕಯಾಕ್ ಮತ್ತು ಎಸ್‌ಯುಪಿ (ಸ್ಟ್ಯಾಂಡ್ ಅಪ್ ಪ್ಯಾಡಲ್) ಬೇರೆ ಬೇರೆ ಇವೆ. ಕೋರೋಸ್‌ನ ಕೆಲವು ಮಾದರಿಗಳಲ್ಲಿ ಶಾಂತ ನೀರು, ಬಿಳಿನೀರು (ನೊರೆಯೆದ್ದು ರಭಸವಾಗಿ ಹರಿಯುವ ನೀರು) ಅಂತ ಎರಡು ವಿಧ ಇವೆ. "ರೋಯಿಂಗ್" ಅಂತ ಇದ್ದರೆ ನಮ್ಮದಕ್ಕೂ ಆಯಿತು ಅಂದುಕೊಳ್ಳಬೇಡಿ. ರೋಯಿಂಗ್‌ನಲ್ಲಿ ಎರಡೂ ಕೈ ಒಟ್ಟಿಗೆ ಎಳೆಯುತ್ತವೆ, ಕಾಲೂ ತಳ್ಳುತ್ತದೆ. ಚಲನೆ ಪೂರ್ತಿ ಬೇರೆ.

ನದಿತಿರುವು

ಇಷ್ಟೆಲ್ಲಾ ಬೇಕಾ? ನಾನು ಹತ್ತು ವರ್ಷದಿಂದ ಬರೀ ಒಂದು ನೀರು ತಡೆಯುವ ವಾಚ್ ಕಟ್ಟಿಕೊಂಡು ಹೋಗುತ್ತಿದ್ದೇನೆ. ಸಮಯ ಗೊತ್ತಾದರೆ ಸಾಕು. ನದಿಯಲ್ಲಿ ವೇಗದ ಸಂಖ್ಯೆಗೆ ಅರ್ಥವೇ ಇಲ್ಲ. ಹರಿವಿನ ಜೊತೆ ಹೋದರೆ ಎಲ್ಲರೂ ಶೂರರೇ.

ಸರ್ಕ್ಯೂಟ್

ವೇಗದ ಬಗ್ಗೆ ನೀವು ಹೇಳಿದ್ದು ಸರಿಯಾದ ಮಾತು. ಲೆಕ್ಕ ಹಾಕಿ ತೋರಿಸುತ್ತೇನೆ. ನಿಂತ ನೀರಿನಲ್ಲಿ ಗಂಟೆಗೆ 7 ಕಿ.ಮೀ. ಹೋಗುವವರು ಇದ್ದಾರೆ ಅನ್ನಿ. ನದಿಯ ಹರಿವು ಗಂಟೆಗೆ 2 ಕಿ.ಮೀ. ಕೆಳಗೆ ಹೋಗುವಾಗ ಜಿಪಿಎಸ್ 9 ಅನ್ನುತ್ತದೆ, ಮೇಲೆ ಬರುವಾಗ 5. ಹೋದಷ್ಟೇ ದೂರ ವಾಪಸ್ ಬಂದರೆ ಸರಾಸರಿ 7 ಬರಬೇಕು ಅನ್ನಿಸುತ್ತದೆ. ಬರುವುದು ಸುಮಾರು 6.4. ನಿಧಾನದ ದಾರಿಯಲ್ಲಿ ಜಾಸ್ತಿ ಹೊತ್ತು ಕಳೆದಿರುತ್ತೇವಲ್ಲ, ಅದಕ್ಕೆ. ಜಿಪಿಎಸ್‌ಗೆ ನೆಲ ಮಾತ್ರ ಗೊತ್ತು, ನೀರು ಗೊತ್ತಿಲ್ಲ.

ಎದೆಬಡಿತ ಬೇಕು ಅನ್ನುವುದೂ ಇದೇ ಕಾರಣಕ್ಕೆ. ಗಾಳಿ, ಹರಿವು ಬದಲಾದರೆ ವೇಗ ಹಾರಾಡುತ್ತದೆ. ನೀವು ಎಷ್ಟು ಶ್ರಮ ಹಾಕಿದಿರಿ ಅನ್ನುವುದನ್ನು ಎದೆಬಡಿತ, ಹುಟ್ಟಿನ ಲಯ ಇವೇ ಹೇಳಬೇಕು.

ನದಿತಿರುವು

6.4 ಬರುತ್ತದೆ ಅಂತ ಗೊತ್ತಿರಲಿಲ್ಲ. ಈಗ ಕಾಗದದಲ್ಲಿ ಲೆಕ್ಕ ಹಾಕಿ ನೋಡಿದೆ, ಸರಿಯಾಗಿದೆ. ನನ್ನ ಅನುಭವದಿಂದ ಒಂದು ಸಲಹೆ ಕೊಡುತ್ತೇನೆ: ಪಟ್ಟಿಯ ಕೊಂಡಿ ಗಟ್ಟಿ ಇರಲಿ. ಬಿಳಿನೀರಿನಲ್ಲಿ ಮಗುಚಿದಾಗ ಒಂದು ಒಳ್ಳೆಯ ವಾಚ್ ಕಳೆದುಕೊಂಡಿದ್ದೇನೆ. ಕೇಸಿಗೆ ಪಟ್ಟಿ ಸೇರಿಸುವ ಸಣ್ಣ ಸ್ಪ್ರಿಂಗ್ ಕಡ್ಡಿ ಹಾರಿಹೋಯಿತು. ಈಗ ಒಂದೇ ತುಂಡಿನ ಉದ್ದ ನೈಲಾನ್ ಪಟ್ಟಿ ಹಾಕುತ್ತೇನೆ. ಅದು ಎರಡು ಕಡ್ಡಿಗಳ ಕೆಳಗೂ ಹಾದು ಹೋಗುತ್ತದೆ. ಒಂದು ಕಡ್ಡಿ ಕಿತ್ತರೂ ಇನ್ನೊಂದರಲ್ಲಿ ವಾಚ್ ನೇತಾಡುತ್ತಿರುತ್ತದೆ.

ಡ್ರೈಸೂಟ್ (ನೀರು ಒಳಗೆ ಬಿಡದ ಉಡುಪು) ಹಾಕುವವರು ವಾಚನ್ನು ಮಣಿಕಟ್ಟಿನ ರಬ್ಬರ್ ಪಟ್ಟಿಯ ಒಳಗೆ ತೂರಿಸಬೇಡಿ. ರಬ್ಬರ್ ಹರಿಯುತ್ತದೆ, ನೀರೂ ನುಗ್ಗುತ್ತದೆ. ಉದ್ದ ಪಟ್ಟಿ ಹಾಕಿ ಸೂಟಿನ ಮೇಲೆ ಕಟ್ಟಿ. ಆಗ ಮಣಿಕಟ್ಟಿನ ಸೆನ್ಸರ್‌ಗೆ ಕೆಲಸವೇ ಇರುವುದಿಲ್ಲ ಅನ್ನಿ, ಮತ್ತೆ ತೋಳುಪಟ್ಟಿಗೇ ಬಂದೆವು.

ಹೊಸಹುಟ್ಟು

ನೀರು ತಡೆಯುವ ಗುರುತುಗಳ ಬಗ್ಗೆ ಯಾರಾದರೂ ಹೇಳುತ್ತೀರಾ? ನನ್ನ ಬ್ಯಾಂಡ್ ಮೇಲೆ 5 ಎಟಿಎಂ ಅಂತಿದೆ. ನೋಡುತ್ತಿರುವ ಇನ್ನೊಂದರ ಮೇಲೆ ಐಪಿ68.

ಕಡಲಹಾದಿ

5 ಎಟಿಎಂ ಅಂದರೆ 50 ಮೀಟರ್ ಆಳದ ನಿಂತ ನೀರಿನ ಒತ್ತಡವನ್ನು ಪರೀಕ್ಷೆಯಲ್ಲಿ ತಾಳಿದೆ ಅಂತ. 50 ಮೀಟರ್ ಡೈವ್ ಮಾಡಬಹುದು ಅಂತಲ್ಲ. ಹುಟ್ಟು ಹಾಕುವುದಕ್ಕೆ, ಮಗುಚಿ ಏಳುವುದಕ್ಕೆ 5 ಎಟಿಎಂ ಸಾಕು. ಐಪಿ68ರಲ್ಲಿ ಆಳ ಮತ್ತು ಹೊತ್ತನ್ನು ತಯಾರಕರೇ ಹೇಳಬೇಕು, ಹಾಗಾಗಿ ಆ ಎರಡು ಅಂಕಿಯಿಂದ ಪೂರ್ತಿ ತಿಳಿಯುವುದಿಲ್ಲ. ಬರೀ ಐಪಿ68 ಇದ್ದು ಎಟಿಎಂ ಇಲ್ಲದಿದ್ದರೆ ನಾನು ಸಮುದ್ರಕ್ಕೆ ಒಯ್ಯುವುದಿಲ್ಲ. ಇನ್ನೂ ಗಟ್ಟಿ ಬೇಕಾದರೆ ಗಾರ್ಮಿನ್ ಇನ್‌ಸ್ಟಿಂಕ್ಟ್, ಆಪಲ್ ವಾಚ್ ಅಲ್ಟ್ರಾ ತರಹದವು 100 ಮೀಟರ್ ದರ್ಜೆಯವು.

ಯಾವ ದರ್ಜೆಯಾದರೂ ಶಾಶ್ವತ ಅಲ್ಲ. ಒಳಗಿನ ರಬ್ಬರ್ ಸೀಲ್ ವರ್ಷ ಕಳೆದಂತೆ ಸವೆಯುತ್ತದೆ. ಸೋಪು, ಸನ್‌ಸ್ಕ್ರೀನ್ ಅದಕ್ಕೆ ಶತ್ರು. ಉಪ್ಪುನೀರಿನಿಂದ ಬಂದ ತಕ್ಷಣ ಸಿಹಿನೀರಿನಲ್ಲಿ ತೊಳೆಯಿರಿ. ಚಾರ್ಜ್ ಮಾಡುವ ಲೋಹದ ಚುಕ್ಕಿಗಳು ಪೂರ್ತಿ ಒಣಗುವವರೆಗೆ ಚಾರ್ಜರ್ ಹಚ್ಚಬೇಡಿ, ಅಲ್ಲಿಯೇ ಮೊದಲು ತುಕ್ಕು ಹಿಡಿಯುವುದು. ಪಟ್ಟಿಯ ಅಡಿ ಒದ್ದೆ ಉಳಿದರೆ ಚರ್ಮಕ್ಕೆ ಕೆಂಪು ಗಂದೆ ಏಳುತ್ತದೆ, ಬಿಚ್ಚಿ ಒರೆಸಿಕೊಳ್ಳಿ.

ನಿಂತಹಲಗೆ

ಗುಂಡಿಗಳು! ಯಾರೂ ಹೇಳಲಿಲ್ಲವಲ್ಲ. ಒದ್ದೆ ಬೆರಳಿಗೆ ಟಚ್ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ. ನೀರ ಹನಿ ಬಿದ್ದು ತಾನೇ ಒತ್ತಿಕೊಂಡು ದಾಖಲೆ ನಿಂತುಹೋದದ್ದೂ ಇದೆ. ನನ್ನ ಒಂದು ಗಂಟೆಯ ಹುಟ್ಟು ಹಾಗೇ ಹದಿನೇಳು ನಿಮಿಷಕ್ಕೆ ಮುಗಿದುಹೋಗಿತ್ತು. ಆಪಲ್ ವಾಚ್‌ನಲ್ಲಿ ವಾಟರ್ ಲಾಕ್ ಇದೆ, ಪರದೆಯನ್ನು ಬೀಗ ಹಾಕುತ್ತದೆ. ಆದರೆ ಲ್ಯಾಪ್ ಒತ್ತಲು ನಿಜವಾದ ಗುಂಡಿಯ ಸುಖವೇ ಬೇರೆ, ಅದರಲ್ಲೂ ಕೈಗವಸು ಹಾಕಿದಾಗ.

ಬಿಸಿಲಿನಲ್ಲಿ ಓದಲು ಆಗುತ್ತದೆಯಾ ಅಂತಲೂ ನೋಡಿ. ಪೋಲರೈಸ್ಡ್ ಕನ್ನಡಕ ಹಾಕಿಕೊಂಡೇ ನೋಡಿ, ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿ ಕಾಣುತ್ತವೆ.

ಸರ್ಕ್ಯೂಟ್

ಕ್ಯಾಲೊರಿ ಸಂಖ್ಯೆಗೆ ಮರುಳಾಗಬೇಡಿ ಅಂತ ಒಂದು ಮಾತು. ಸಂಶೋಧಕರು ಬಳಸುವ ಕೋಷ್ಟಕದಲ್ಲಿ ಮಧ್ಯಮ ವೇಗದ ಕಯಾಕಿಂಗ್‌ಗೆ 5 ಮೆಟ್ ಅಂತಿದೆ. ಒಂದು ಮೆಟ್ ಅಂದರೆ ತೂಕದ ಪ್ರತಿ ಕಿಲೋಗೆ ಗಂಟೆಗೆ ಹತ್ತಿರ ಹತ್ತಿರ 1 ಕಿಲೊ ಕ್ಯಾಲೊರಿ. 70 ಕಿಲೋ ತೂಕದವರಿಗೆ ಗಂಟೆಗೆ ಸುಮಾರು 350. ನಿಮ್ಮ ಟ್ರ್ಯಾಕರ್ ಇದರ ಎರಡರಷ್ಟು ಅಥವಾ ಅರ್ಧ ಹೇಳುತ್ತಿದ್ದರೆ ಎದೆಬಡಿತದ ಓದು ತಪ್ಪಾಗಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಅದರಿಂದಲೇ ಕ್ಯಾಲೊರಿ ಅಂದಾಜು ಮಾಡುವುದು.

ಕೆರೆದಂಡೆ

ಹೊಸಹುಟ್ಟು ಅವರೇ, ಪಟ್ಟಿ ಬಂದ ಮೇಲೆ ಒಂದು ಕೆಲಸ ಮರೆಯಬೇಡಿ. ಎದೆಬಡಿತದ ವಲಯಗಳನ್ನು, ಅಂದರೆ ಶ್ರಮದ ಹಂತಗಳನ್ನು, ವಾಚ್ 220ರಿಂದ ವಯಸ್ಸು ಕಳೆದು ಬರುವ ಗರಿಷ್ಠ ಬಡಿತದಿಂದ ತಾನೇ ಹಾಕಿಕೊಂಡಿರಬಹುದು. 2001ರಲ್ಲಿ ಬಂದ ಇನ್ನೊಂದು ಸೂತ್ರ 208ರಿಂದ ವಯಸ್ಸಿನ 0.7ರಷ್ಟನ್ನು ಕಳೆಯುತ್ತದೆ. 40ನೇ ವಯಸ್ಸಿನಲ್ಲಿ ಎರಡೂ 180 ಅನ್ನುತ್ತವೆ, 60ರಲ್ಲಿ ಒಂದು 160, ಇನ್ನೊಂದು 166. ಎರಡೂ ಅಂದಾಜೇ. ಒಬ್ಬೊಬ್ಬರಿಗೆ ಹತ್ತು ಬಡಿತ ಆಚೀಚೆ ಆಗುವುದು ಸಾಮಾನ್ಯ.

ಮುಖ್ಯವಾದದ್ದು, ಕೈ ಮತ್ತು ಬೆನ್ನಿನ ಕೆಲಸದಲ್ಲಿ ಎದೆಬಡಿತ ಓಟದಷ್ಟು ಮೇಲೆ ಹೋಗುವುದಿಲ್ಲ. ದುಡಿಯುವ ಸ್ನಾಯುವಿನ ಗಾತ್ರ ಕಡಿಮೆ. ಓಟದಲ್ಲಿ 180 ಮುಟ್ಟುವವರು ಕಯಾಕ್‌ನಲ್ಲಿ 170ಕ್ಕೇ ಸುಸ್ತಾಗಿ ನಿಲ್ಲಬಹುದು. ಓಟದ ವಲಯವನ್ನೇ ಇಟ್ಟುಕೊಂಡು "ನಾನು ಸಾಕಷ್ಟು ಶ್ರಮ ಹಾಕುತ್ತಿಲ್ಲ" ಅಂತ ಮೈ ಮುರಿದುಕೊಳ್ಳಬೇಡಿ. ಮೂರ್ನಾಲ್ಕು ಸಲ ಜೋರಾಗಿ ಹುಟ್ಟು ಹಾಕಿ, ನೀರಿನ ಮೇಲೆ ನಿಮ್ಮದು ಎಷ್ಟಕ್ಕೆ ಏರುತ್ತದೆ ಅಂತ ನೋಡಿ ವಲಯ ಹಾಕಿಕೊಳ್ಳಿ.

ನದಿತಿರುವು

ಇನ್ನೊಂದು. ವಾಚ್ ಇದೆ ಅಂತ ಸೀಟಿ ಬಿಟ್ಟು ಹೋಗಬೇಡಿ. ಬಿದ್ದರೆ ಸಂದೇಶ ಕಳಿಸುವ ಸೌಲಭ್ಯ ಸಾಮಾನ್ಯವಾಗಿ ಫೋನ್ ಅಥವಾ ಮೊಬೈಲ್ ಜಾಲವನ್ನೇ ನಂಬಿಕೊಂಡಿರುತ್ತದೆ. ದಡದಿಂದ ದೂರ ಹೋಗುವವರಿಗೆ ಉಪಗ್ರಹಕ್ಕೆ ನೇರ ಸಂಕೇತ ಕಳಿಸುವ 406 ಮೆಗಾಹರ್ಟ್ಜ್ ಬೀಕನ್ ಬೇರೆಯೇ ಇದೆ. ಅದು ಲೈಫ್ ಜಾಕೆಟ್ ಮೇಲೆ ಇರಬೇಕು, ದೋಣಿಯೊಳಗಲ್ಲ. ದೋಣಿ ನಿಮ್ಮಿಂದ ದೂರ ಹೋಗಿಬಿಟ್ಟರೆ?

ಹೊಸಹುಟ್ಟು

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಮೊದಲು ತೋಳುಪಟ್ಟಿ ಒಂದನ್ನೇ ಕೊಂಡೆ. ವಾಚ್ ಜೊತೆಯವರೊಬ್ಬರಿಂದ ಎರವಲು ಪಡೆದೆ. ಐದು ಗುಂಡಿಯದು, ಒಳಗೇ ಜಿಪಿಎಸ್ ಇದೆ. ಹಳೆಯ ಬ್ಯಾಂಡನ್ನೂ ಇನ್ನೊಂದು ಕೈಗೆ ಕಟ್ಟಿಕೊಂಡು ಹೋದೆ.

ಎದುರುಗಾಳಿಯ ಅದೇ ದಾರಿ. ತೋಳುಪಟ್ಟಿ 158 ಅಂದಿತು, ಬ್ಯಾಂಡ್ 81. ಏದುಸಿರು ಯಾರ ಪರವಾಗಿತ್ತು ಅಂತ ಹೇಳಬೇಕಾಗಿಲ್ಲ. ಇಪ್ಪತ್ತುಹುಟ್ಟು ಅವರು ಹೇಳಿದ ಹಾಗೆ 500 ಮೀಟರ್ ಲ್ಯಾಪ್ ಇಟ್ಟೆ. ಮೊದಲ ಎಂಟು ಲ್ಯಾಪ್ ಬಹುತೇಕ ಒಂದೇ ಸಮ. ಒಂಬತ್ತನೆಯದರಿಂದ ಹುಟ್ಟಿನ ಲಯ 80ರಿಂದ 88ಕ್ಕೆ ಏರಿದೆ, ಲ್ಯಾಪ್ ಸಮಯ ಮಾತ್ರ ನಿಧಾನವಾಗಿದೆ. ಅಂದರೆ ನಾಲ್ಕು ಕಿಲೋಮೀಟರ್ ಆದ ಮೇಲೆ ನನ್ನ ಎಳೆತ ಗಿಡ್ಡವಾಗುತ್ತಿದೆ. ಇಷ್ಟು ದಿನ ಉಸಿರು ಸಾಲುತ್ತಿಲ್ಲ ಅಂದುಕೊಂಡಿದ್ದೆ. ಸೊಂಟ ತಿರುಗಿಸುವುದನ್ನು ನಿಲ್ಲಿಸಿ ಬರೀ ಕೈಯಲ್ಲಿ ಎಳೆಯುತ್ತಿದ್ದೇನೆ ಅಂತ ಜೊತೆಯವರು ನೋಡಿ ಹೇಳಿದರು.

ವಾಚ್ ಅದೇ ಮಾದರಿಯ ಹಿಂದಿನ ಆವೃತ್ತಿ ಕೊಳ್ಳುತ್ತೇನೆ. ಗುಂಡಿ, ಒಳಗಿನ ಜಿಪಿಎಸ್, ಕಯಾಕ್ ವಿಧ, ತೋಳುಪಟ್ಟಿಯ ಜೊತೆ ಸೇರುವುದು. ಈ ನಾಲ್ಕೂ ಅದರಲ್ಲಿವೆ, ಉಳಿದದ್ದು ನನಗೆ ಬೇಡ. ಒಂದೇ ಅನುಮಾನ. ಎರಡು ಸಲ ತೋಳುಪಟ್ಟಿ ಮಧ್ಯದಲ್ಲಿ ಐದು ನಿಮಿಷ ತಪ್ಪು ತೋರಿಸಿತು. ಎಡತೋಳಿನ ಹೊರಬದಿಗೆ ಕಟ್ಟಿದ್ದೆ, ಮೇಲೆ ಜಾಕೆಟ್ ಅಂಚು ತಾಗುತ್ತಿತ್ತು.

ನಿಂತಹಲಗೆ

ಅಂಚು ತಾಗುವುದೇ ಕಾರಣ ಇರಬೇಕು. ಎರಡು ಬೆರಳಿನಷ್ಟು ಕೆಳಗೆ ಇಳಿಸಿ, ಮಾಂಸ ತುಂಬಿದ ಕಡೆ ಕಟ್ಟಿ. ಸೆನ್ಸರ್ ಚರ್ಮಕ್ಕೆ ಪೂರ್ತಿ ಕೂತಿರಬೇಕು, ಕೈ ಜೋಮು ಹಿಡಿಯುವಷ್ಟು ಬಿಗಿ ಬೇಡ. ನೀರಿಗಿಳಿಯುವ ಐದು ನಿಮಿಷ ಮೊದಲೇ ಕಟ್ಟಿಕೊಂಡು ಮೈ ಬೆಚ್ಚಗೆ ಮಾಡಿಕೊಳ್ಳಿ.

ಹೊಸಹುಟ್ಟು

ನಾಳೆ ಬೆಳಿಗ್ಗೆ ಕೆಳಗಿಳಿಸಿ ಕಟ್ಟಿ ನೋಡುತ್ತೇನೆ. ಒಂಬತ್ತನೇ ಲ್ಯಾಪ್‌ನಲ್ಲಿ ಸೊಂಟ ತಿರುಗಿಸಲು ನೆನಪಾಗುವ ಹಾಗೆ ವಾಚ್‌ನಲ್ಲಿ ಒಂದು ಅಲಾರಂ ಕೂಡ ಇಟ್ಟಿದ್ದೇನೆ.